ಕಿರಿಯರ ಫುಟ್‌ಬಾಲ್ ಸಂಘಗಳು ಲೀಗ್‌ಗೆ ಸೇರುವುದು ಕಡ್ಡಾಯವೇ? ಗುಂಡ್ಲುಪೇಟೆ ತಾಲ್ಲೂಕಿನ ಅರ್ಜಿದಾರರ ಮಾಹಿತಿಗಾಗಿ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ವಿಶೇಷವಾಗಿ ಹಂಗಳ ಹಾಗೂ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಗ್ರಾಮಗಳಲ್ಲಿ, ಬಾಲಕ ಬಾಲಕಿಯರಿಗಾಗಿ ಫುಟ್‌ಬಾಲ್ ಸಂಘವನ್ನು ಸ್ಥಾಪಿಸಲು ಇಚ್ಛಿಸುವವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ. ಸಂಘವು ಯಾವುದಾದರೂ ಲೀಗ್‌ನಲ್ಲಿ ಆಡುತ್ತಿರಲೇಬೇಕೇ? ಲೀಗ್‌ನಲ್ಲಿ ಆಡದಿದ್ದರೆ ಸಂಘದ ನೋಂದಣಿಗೆ, ಮೈದಾನದ ಬಳಕೆಗೆ, ಮುಂದೆ ಮಕ್ಕಳ ಕ್ರೀಡಾ ಪ್ರಮಾಣಪತ್ರಕ್ಕೆ ತೊಂದರೆಯಾಗುವುದೇ? ಈ ವಿಷಯದಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಂಕ್ಷಿಪ್ತ ಉತ್ತರವೆಂದರೆ, ಕಡ್ಡಾಯವಲ್ಲ. ಆದರೆ ಕೆಲವು ಬಾಗಿಲುಗಳು ಮಾನ್ಯತೆ ಪಡೆದ ಲೀಗ್‌ನ ಮೂಲಕವೇ ತೆರೆಯುತ್ತವೆ. ಅವು ಯಾವುವು, ಯಾವ ವಯಸ್ಸಿನಲ್ಲಿ ಬೇಕಾಗುತ್ತವೆ ಎಂಬುದನ್ನು ತಿಳಿಯದೆ ಮೊದಲ ವರ್ಷವೇ ಮೈಸೂರು ಅಥವಾ ಬೆಂಗಳೂರಿನ ಪ್ರವಾಸಕ್ಕೆ ಸಂಘದ ಹಣವನ್ನೆಲ್ಲ ವ್ಯಯಿಸುವುದು ಸೂಕ್ತವಲ್ಲ.

ಕಾನೂನಿನ ಸ್ಥಿತಿ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಏಳು ಅಥವಾ ಅದಕ್ಕಿಂತ ಹೆಚ್ಚು ವ್ಯಕ್ತಿಗಳು ಸೇರಿ, ಉದ್ದೇಶಗಳನ್ನು ತಿಳಿಸುವ ಜ್ಞಾಪನಾ ಪತ್ರ ಮತ್ತು ನಿಯಮಾವಳಿಗಳೊಡನೆ, ಸಹಕಾರ ಇಲಾಖೆಯ ಅಧೀನದಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯವರಿಗೆ ಅರ್ಜಿ ಸಲ್ಲಿಸಿ ಸಂಘವನ್ನು ನೋಂದಾಯಿಸಿಕೊಳ್ಳಬಹುದು. ಕ್ರೀಡೆಯ ಪ್ರೋತ್ಸಾಹವು ಸಂಘದ ಉದ್ದೇಶಗಳಲ್ಲಿ ಒಂದಾಗಿರಬಹುದು. ಲೀಗ್‌ನಲ್ಲಿ ಆಡುವುದಾಗಲಿ, ಪಂದ್ಯ ಗೆದ್ದಿರುವುದಾಗಲಿ ನೋಂದಣಿಯ ಷರತ್ತಲ್ಲ. ನೋಂದಣಿಯ ನಂತರ ವಾರ್ಷಿಕ ಸಾಮಾನ್ಯ ಸಭೆ ನಡೆಸುವುದು, ಲೆಕ್ಕಪತ್ರ ಇಡುವುದು ಮತ್ತು ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಸಲ್ಲಿಸುವುದು ಸಂಘದ ಕರ್ತವ್ಯವಾಗಿರುತ್ತದೆ. ಚೆಂಡು, ಜೆರ್ಸಿ, ವಾಹನ ಬಾಡಿಗೆಗಳ ರಸೀದಿಯನ್ನು ಮೊದಲ ದಿನದಿಂದಲೇ ಕಡತದಲ್ಲಿಡುವ ಸಂಘಗಳಿಗೆ ಮುಂದೆ ಯಾವ ಅರ್ಜಿಯೂ ಭಾರವಾಗುವುದಿಲ್ಲ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು (ಹಿಂದೆ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆ) ಫುಟ್‌ಬಾಲ್ ಲೀಗ್‌ಗಳ ನಿಯಂತ್ರಣ ಮಾಡುವ ಸಂಸ್ಥೆಯಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಆಟದ ಆಡಳಿತವು 1937ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ರಾಜ್ಯದಲ್ಲಿ ಅದರ ಸದಸ್ಯ ಸಂಸ್ಥೆಯಾದ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಹಾಗೂ ಅದಕ್ಕೆ ಸಂಯೋಜಿತವಾದ ಜಿಲ್ಲಾ ಸಂಸ್ಥೆಗಳ ಕೈಯಲ್ಲಿರುತ್ತದೆ. ಆದುದರಿಂದ ಸಂಘಗಳ ನೋಂದಣಾಧಿಕಾರಿಯವರ ಪ್ರಮಾಣಪತ್ರ ಬೇರೆ, ಫುಟ್‌ಬಾಲ್ ಸಂಸ್ಥೆಯ ಸಂಯೋಜನೆ ಬೇರೆ. ಮೊದಲನೆಯದು ಕೈಸೇರಿದ ಮಾತ್ರಕ್ಕೆ ಎರಡನೆಯದು ದೊರೆತಂತಾಗುವುದಿಲ್ಲ.

ಲೀಗ್ ಮತ್ತು ನಾಕೌಟ್

ಗ್ರಾಮಾಂತರದಲ್ಲಿ ನಡೆಯುವ ಬಹುತೇಕ ಪಂದ್ಯಾವಳಿಗಳು ನಾಕೌಟ್ ಮಾದರಿಯವು. ಸೋತ ತಂಡವು ಹೊರಹೋಗುತ್ತದೆ. ಎಂಟು ತಂಡಗಳ ನಾಕೌಟ್‌ನಲ್ಲಿ ಒಟ್ಟು 7 ಪಂದ್ಯಗಳು ಮಾತ್ರ ನಡೆಯುತ್ತವೆ. ಅರ್ಧದಷ್ಟು ತಂಡಗಳು ಒಂದೇ ಪಂದ್ಯವಾಡಿ ಮನೆಗೆ ಮರಳುತ್ತವೆ. ಬೆಳಗಿನ ಜಾವ ಎದ್ದು, ಬುತ್ತಿ ಕಟ್ಟಿಕೊಂಡು, ಮೂವತ್ತೈದು ಕಿಲೋಮೀಟರ್ ದೂರದ ಚಾಮರಾಜನಗರಕ್ಕೆ ಹೋದ ಹದಿನಾಲ್ಕು ವರ್ಷದ ಬಾಲಕನು ಐವತ್ತು ನಿಮಿಷ ಆಡಿದರೆ ಅದೇ ಹೆಚ್ಚು. ಬದಲಿ ಆಟಗಾರನಾದರೆ ಅಷ್ಟೂ ಇಲ್ಲ.

ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡುತ್ತದೆ. ಅದೇ ಎಂಟು ತಂಡಗಳಿಗೆ ಒಂದು ಸುತ್ತಿನಲ್ಲಿ 28 ಪಂದ್ಯಗಳಾಗುತ್ತವೆ. ಪ್ರತಿ ತಂಡಕ್ಕೂ 7 ಪಂದ್ಯಗಳು ಖಚಿತ. ಒಂದು ಭಾನುವಾರ ಸೋತ ತಪ್ಪನ್ನು ಮುಂದಿನ ಭಾನುವಾರ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ತರಬೇತುದಾರರಿಗೂ ಎಲ್ಲ ಮಕ್ಕಳನ್ನು ಸರದಿಯಂತೆ ಆಡಿಸುವ ಧೈರ್ಯ ಬರುತ್ತದೆ. ಸೋತರೆ ಹೊರಹೋಗುವ ಪಂದ್ಯದಲ್ಲಿ ದುರ್ಬಲ ಆಟಗಾರನನ್ನು ಯಾರೂ ಇಳಿಸುವುದಿಲ್ಲ.

ಆದುದರಿಂದ ಸಂಘವು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ, ವರ್ಷಕ್ಕೆ ಪ್ರತಿ ಮಗುವಿಗೂ ತನ್ನ ಸಮಾನ ಸಾಮರ್ಥ್ಯದ ಎದುರಾಳಿಗಳೊಡನೆ ಎಷ್ಟು ಪಂದ್ಯಗಳು ದೊರೆಯುತ್ತವೆ ಎಂಬುದು. ಲೀಗ್ ಎಂಬ ಹೆಸರು ಅದಕ್ಕೆ ಒಂದು ದಾರಿ ಮಾತ್ರ. ಹತ್ತು ಗೋಲುಗಳ ಅಂತರದಲ್ಲಿ ಸೋಲುವ ಲೀಗ್‌ಗಿಂತ ಪಕ್ಕದ ಊರಿನೊಡನೆ ನಿಯಮಿತವಾಗಿ ಆಡುವ ಸೌಹಾರ್ದ ಪಂದ್ಯವೇ ಮೇಲು.

ಹನ್ನೆರಡು ವರ್ಷದೊಳಗಿನವರು

ಫುಟ್‌ಬಾಲ್ ಬಹಳ ಬೆಳೆದಿರುವ ದೇಶಗಳಲ್ಲಿಯೂ ಚಿಕ್ಕ ಮಕ್ಕಳಿಗೆ ಅಂಕಪಟ್ಟಿಯ ಲೀಗ್ ಬೇಡವೆಂಬ ಅಭಿಪ್ರಾಯ ಬಲಗೊಂಡಿದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 2012ರಲ್ಲಿ ಅಂಗೀಕರಿಸಿದ ಸುಧಾರಣೆಯಂತೆ 7 ಮತ್ತು 8 ವರ್ಷದೊಳಗಿನವರು ಐದೈದು ಜನ, 9 ಮತ್ತು 10 ವರ್ಷದೊಳಗಿನವರು ಏಳೇಳು ಜನ, 11 ಮತ್ತು 12 ವರ್ಷದೊಳಗಿನವರು ಒಂಬತ್ತೊಂಬತ್ತು ಜನರ ತಂಡಗಳಲ್ಲಿ ಆಡುವಂತಾಯಿತು. ಹನ್ನೊಂದು ಜನರ ಪೂರ್ಣ ಆಟ ಅದರ ನಂತರವೇ. ನಾರ್ವೆಯಲ್ಲಿ ಮಕ್ಕಳಿಗೆ 11 ವರ್ಷ ತುಂಬುವ ವರ್ಷದವರೆಗೆ ಫಲಿತಾಂಶಗಳ ಪಟ್ಟಿಯನ್ನು ಪ್ರಕಟಿಸುವಂತಿಲ್ಲ. ಜರ್ಮನಿಯು 2024-25ನೇ ಸಾಲಿನಿಂದ ಚಿಕ್ಕ ಮಕ್ಕಳಿಗೆ ಅಂಕಪಟ್ಟಿಯ ಬದಲು ಒಂದೇ ದಿನ ಹಲವು ಕಿರು ಪಂದ್ಯಗಳನ್ನಾಡುವ ಮೇಳದ ಪದ್ಧತಿಯನ್ನು ಕಡ್ಡಾಯಗೊಳಿಸಿದೆ.

ಭಾರತದಲ್ಲಿ ಅಖಿಲ ಭಾರತ ಫೆಡರೇಷನ್ 2018ರಲ್ಲಿ ಗೋಲ್ಡನ್ ಬೇಬಿ ಲೀಗ್ ಎಂಬ ಯೋಜನೆಯನ್ನು ಆರಂಭಿಸಿತ್ತು. ಚಿಕ್ಕ ಮೈದಾನ, ಕಡಿಮೆ ಆಟಗಾರರು, ಹೆಚ್ಚು ಚೆಂಡಿನ ಸ್ಪರ್ಶ ಎಂಬುದು ಇಂತಹ ಆಟದ ತಿರುಳು. ಏಳು ಜನರ ಆಟಕ್ಕೆ ಸುಮಾರು 55 ಮೀಟರ್ ಉದ್ದ, 37 ಮೀಟರ್ ಅಗಲದ ಜಾಗ ಸಾಕು. ಪ್ರೌಢಶಾಲೆಯ ಮೈದಾನದಲ್ಲಿ ಇಂತಹ ಅಂಕಣವನ್ನು ಸುಣ್ಣದ ಪುಡಿಯಿಂದ ಗುರುತು ಮಾಡಿಕೊಳ್ಳಬಹುದು.

ಈ ವಯಸ್ಸಿನ ಮಕ್ಕಳ ಸಂಘವು ಯಾವ ಲೀಗ್‌ಗೂ ಸೇರದಿದ್ದರೂ ಅದರ ಸ್ಪರ್ಧಾತ್ಮಕತೆಗೆ ಕುಂದಿಲ್ಲ. ಪೋಷಕರು ಇದನ್ನು ಒಪ್ಪುವುದು ಸುಲಭವಲ್ಲ. ಕಪ್ ಮತ್ತು ಭಾವಚಿತ್ರ ಇಲ್ಲದ ಆಟವನ್ನು ಆಟವೆಂದೇ ಎಣಿಸದವರೂ ಇದ್ದಾರೆ.

ಬೆಂಗಳೂರಿನ ಲೀಗ್ ಏಕೆ ಫಲಕಾರಿಯಾಯಿತು

ಲೀಗ್ ಅನಗತ್ಯವೆಂದು ಇದರ ಅರ್ಥವಲ್ಲ. ರಾಜ್ಯದ ಫುಟ್‌ಬಾಲ್ ಇತಿಹಾಸವೇ ಲೀಗ್‌ನ ಪ್ರಯೋಜನಕ್ಕೆ ಸಾಕ್ಷಿಯಾಗಿದೆ. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಮೈಸೂರು ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಪಡೆಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಅವರು ಮೈಸೂರು ತಂಡದ ಆಟಗಾರರಾಗಿದ್ದರು. ಅನಂತರ ಸಂತೋಷ್ ಟ್ರೋಫಿ ಮತ್ತೆ ರಾಜ್ಯಕ್ಕೆ ಬರಲು ಐವತ್ತನಾಲ್ಕು ವರ್ಷಗಳು ಬೇಕಾದವು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿತು.

ಇಂತಹ ಆಟಗಾರರನ್ನು ಬೆಳೆಸಿದ ಬೆಂಗಳೂರು ದಂಡು ಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂತಹ ಬಡಾವಣೆಗಳು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಿಂದ ಬಹಳ ದೂರವಿಲ್ಲ. ಅಲ್ಲಿನ ಸಂಘಗಳಿಗೆ ಲೀಗ್ ಎಂದರೆ ನೆರೆಯವರೊಡನೆ ವಾರವಾರದ ಆಟ. ಪಂದ್ಯ ಮುಗಿಸಿ ನಡೆದೇ ಮನೆ ಸೇರಬಹುದಿತ್ತು. ಗುಂಡ್ಲುಪೇಟೆಯ ಸಂಘವೊಂದು ಅದೇ ಊರಿನ ಲೀಗ್‌ಗೆ ಸೇರುವುದಾದರೆ ಪ್ರತಿ ಪಂದ್ಯಕ್ಕೂ ಹೋಗಿ ಬರುವ ದೂರ 400 ಕಿಲೋಮೀಟರ್ ಮೀರುತ್ತದೆ. ಎಂಟು ತಂಡಗಳ ಒಂದು ಸುತ್ತಿಗೆ 2,800 ಕಿಲೋಮೀಟರ್. ಮೈಸೂರಾದರೆ ಹೋಗಿ ಬರಲು 120, ಏಳು ಪಂದ್ಯಗಳಿಗೆ 840 ಕಿಲೋಮೀಟರ್. ಬೆಂಗಳೂರಿನ ಪದ್ಧತಿಯನ್ನು ಅನುಸರಿಸುವುದೆಂದರೆ ಬೆಂಗಳೂರಿಗೆ ಹೋಗುವುದಲ್ಲ. ತಮ್ಮ ನೆರೆಯಲ್ಲಿಯೇ ಲೀಗ್ ಮಾಡಿಕೊಳ್ಳುವುದು.

ಬೆಟ್ಟದ ತಪ್ಪಲಿನ ವಿಶೇಷ ಸಂಗತಿಗಳು

ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಖಾಸಗಿ ವಾಹನಗಳಿಗೆ ತಪ್ಪಲಿನಿಂದ ಮೇಲಕ್ಕೆ ಅವಕಾಶವಿಲ್ಲದೆ, ಭಕ್ತರು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿಯೇ ಹೋಗಬೇಕಾಗಿರುತ್ತದೆ. ಉಸಿರಿನ ಶಕ್ತಿ ಹೆಚ್ಚಲೆಂದು ಮಕ್ಕಳನ್ನು ಬೆಟ್ಟದ ರಸ್ತೆಯಲ್ಲಿ ಓಡಿಸುವ ಯೋಚನೆಯನ್ನು ತರಬೇತುದಾರರು ಕೈಬಿಡತಕ್ಕದ್ದು. ಅದು ವನ್ಯಜೀವಿಗಳ ದಾರಿ. ತಪ್ಪಲಿನ ಗ್ರಾಮಗಳಲ್ಲಿ ಸಂಜೆಯಾದ ಮೇಲೆ ಆನೆಗಳು ಹೊಲಗಳತ್ತ ಬರುವುದು ಎಲ್ಲರಿಗೂ ತಿಳಿದಿರುವ ವಿಷಯ. ಅಭ್ಯಾಸವಾಗಲಿ ಪಂದ್ಯವಾಗಲಿ, ಮಕ್ಕಳು ಬೆಳಕಿರುವಾಗಲೇ ಮನೆ ಸೇರುವಂತೆ ವೇಳೆಯನ್ನು ನಿಗದಿಪಡಿಸಬೇಕು.

ಗಡಿಯಾಚೆಯ ಪಂದ್ಯಗಳ ಬಗ್ಗೆಯೂ ಇಲ್ಲಿ ಹೇಳಬೇಕಾಗಿದೆ. ಕೇರಳದ ಸುಲ್ತಾನ್ ಬತ್ತೇರಿಯು ಗುಂಡ್ಲುಪೇಟೆಯಿಂದ ಮೈಸೂರಿನಷ್ಟೇ ದೂರದಲ್ಲಿದ್ದು, ಆ ಭಾಗದಲ್ಲಿ ಫುಟ್‌ಬಾಲ್ ಆಸಕ್ತಿ ಅಪಾರವಾಗಿದೆ. ಅಲ್ಲಿನ ತಂಡಗಳೊಡನೆ ಹಗಲಿನಲ್ಲಿ ಸೌಹಾರ್ದ ಪಂದ್ಯಗಳನ್ನಾಡುವುದು ಉತ್ತಮ ಅಭ್ಯಾಸವೇ ಸರಿ. ಆದರೆ ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಜಾರಿಗೆ ಬಂದಿದೆ. ಮಲಬಾರಿನ ಪ್ರಸಿದ್ಧ ಸೆವೆನ್ಸ್ ಪಂದ್ಯಗಳು ಹೆಚ್ಚಾಗಿ ದೀಪದ ಬೆಳಕಿನಲ್ಲಿ ರಾತ್ರಿ ನಡೆಯುವಂತಹವು. ಪಂದ್ಯ ಮುಗಿಯುವ ವೇಳೆಗೆ ಹಿಂದಿರುಗುವ ದಾರಿ ಮುಚ್ಚಿರುತ್ತದೆ. ಜೊತೆಗೆ ಸೆವೆನ್ಸ್ ಪಂದ್ಯಾವಳಿಗಳು ಅಖಿಲ ಭಾರತ ಫೆಡರೇಷನ್ನಿನ ಮಾನ್ಯತೆಯ ಲೀಗ್‌ಗಳಲ್ಲ. ಮಾನ್ಯತೆ ಪಡೆದ ಸಂಘದಲ್ಲಿ ನೋಂದಣಿಯಾದ ಆಟಗಾರನು ಅಲ್ಲಿ ಆಡುವ ಮುನ್ನ ತನ್ನ ಸಂಘದ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮಕರ.

ಬಾಲಕಿಯರ ತಂಡಗಳಿಗೆ ಒಂದು ಅನುಕೂಲವಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದೊಳಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಬಾಲಕಿಯರು ಮತ್ತು ಮಹಿಳೆಯರಿಗೆ ಪ್ರಯಾಣ ಉಚಿತ. ಅಂತರರಾಜ್ಯ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹದಿನಾರು ಬಾಲಕಿಯರನ್ನು ಮೈಸೂರಿಗೆ ಕರೆದೊಯ್ಯುವ ಖರ್ಚು ಹದಿನಾರು ಬಾಲಕರ ಖರ್ಚಿಗಿಂತ ಬಹಳ ಕಡಿಮೆ. ಆದರೂ ಬಾಲಕಿಯರ ತಂಡವನ್ನು ಕೊನೆಯಲ್ಲಿ ರಚಿಸುವುದು ರೂಢಿಯಾಗಿದೆ. ಲೆಕ್ಕದ ದೃಷ್ಟಿಯಿಂದ ನೋಡಿದರೂ ಇದಕ್ಕೆ ಕಾರಣ ಕಾಣುವುದಿಲ್ಲ.

ತಾಲ್ಲೂಕಿನಲ್ಲಿಯೇ ಸಣ್ಣ ಲೀಗ್

ಆರು ತಂಡಗಳಿದ್ದರೆ ಲೀಗ್ ನಡೆಸಬಹುದು. ಒಂದು ಸುತ್ತಿಗೆ 15 ಪಂದ್ಯಗಳು. ಭಾನುವಾರಕ್ಕೆ ಮೂರರಂತೆ ಒಂದೇ ಮೈದಾನದಲ್ಲಿ ಐದು ಭಾನುವಾರಗಳಲ್ಲಿ ಮುಗಿಯುತ್ತದೆ. ಇಪ್ಪತ್ತೈದು ನಿಮಿಷಗಳ ಎರಡು ಅವಧಿ ಇಟ್ಟುಕೊಂಡರೆ ಬೆಳಿಗ್ಗೆ ಎಂಟೂವರೆಗೆ ಆರಂಭಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳನ್ನು ಮನೆಗೆ ಕಳುಹಿಸಬಹುದು. ಎರಡು ಸುತ್ತು ಆಡಿದರೆ ಹತ್ತು ಭಾನುವಾರಗಳಲ್ಲಿ ಪ್ರತಿ ತಂಡಕ್ಕೂ 10 ಪಂದ್ಯಗಳು. ನವೆಂಬರ್‌ನಲ್ಲಿ ಆರಂಭಿಸಿದರೆ ವಾರ್ಷಿಕ ಪರೀಕ್ಷೆಗಳಿಗೆ ಮೊದಲೇ ಮುಗಿಯುತ್ತದೆ. ಅರಿಶಿನ, ಈರುಳ್ಳಿಯ ಕೊಯ್ಲಿನ ವಾರಗಳಲ್ಲಿ ಮಕ್ಕಳು ಹೊಲದಲ್ಲಿರುತ್ತಾರೆ ಎಂಬುದನ್ನು ಮರೆತು ವೇಳಾಪಟ್ಟಿ ಮಾಡಿದರೆ ಅರ್ಧ ತಂಡವೇ ಬರುವುದಿಲ್ಲ.

ಆರು ಗ್ರಾಮಗಳಿಂದ ಆರು ಸಂಘಗಳು ದೊರೆಯದಿದ್ದಲ್ಲಿ ಪ್ರೌಢಶಾಲೆಗಳ ತಂಡಗಳನ್ನೂ ಸೇರಿಸಿಕೊಳ್ಳಬಹುದು. ಶಾಲಾ ಮೈದಾನಕ್ಕೆ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯ ಲಿಖಿತ ಅನುಮತಿ ಪಡೆಯತಕ್ಕದ್ದು. ತೀರ್ಪುಗಾರರು ಆಡುವ ಎರಡೂ ಊರುಗಳಿಗೆ ಸೇರದವರಾಗಿರಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು, ಹತ್ತಿರದ ಆಸ್ಪತ್ರೆಗೆ ಹೋಗಲು ಒಂದು ವಾಹನ, ಬಾಲಕಿಯರಿದ್ದರೆ ಜೊತೆಯಲ್ಲಿ ಒಬ್ಬ ಮಹಿಳೆ ಮತ್ತು ಬಳಸಲು ಯೋಗ್ಯವಾದ ಶೌಚಾಲಯ, ಇಷ್ಟಿಲ್ಲದೆ ಪಂದ್ಯ ಆರಂಭಿಸಬಾರದು.

ಇಂತಹ ಲೀಗ್ ಫುಟ್‌ಬಾಲ್ ಸಂಸ್ಥೆಯ ಮಾನ್ಯತೆಯದ್ದಲ್ಲ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸುವುದು ನ್ಯಾಯ.

ಮಾನ್ಯತೆ ಪಡೆದ ಲೀಗ್ ಯಾವಾಗ ಅಗತ್ಯ

ಹದಿಮೂರು ಹದಿನಾಲ್ಕರ ನಂತರ, ಆಟವನ್ನು ಗಂಭೀರವಾಗಿ ಮುಂದುವರಿಸುವ ಸಾಮರ್ಥ್ಯವುಳ್ಳ ಮಕ್ಕಳಿಗೆ ಸ್ಥಳೀಯ ಲೀಗ್ ಸಾಲದು. ಅಖಿಲ ಭಾರತ ಫೆಡರೇಷನ್ ನಡೆಸುವ ಕಿರಿಯರ ಲೀಗ್‌ಗಳಿಗೆ ಪ್ರವೇಶ ಬೇಕಾದರೆ ಸಂಘಕ್ಕೆ ಮಾನ್ಯತೆಯೂ, ಆಟಗಾರನಿಗೆ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾತಿಯೂ ಬೇಕು. ಈ ದಾಖಲಾತಿಗೆ ಇನ್ನೊಂದು ಬೆಲೆಯೂ ಇದೆ. ಆಟಗಾರನು ಮುಂದೆ ವಿದೇಶಿ ಸಂಘಕ್ಕೆ ಶುಲ್ಕದೊಡನೆ ವರ್ಗವಾದಲ್ಲಿ, ವಿಶ್ವ ಫುಟ್‌ಬಾಲ್ ಸಂಸ್ಥೆಯ ನಿಯಮದಂತೆ ಆ ಶುಲ್ಕದ ಶೇಕಡಾ 5ರಷ್ಟನ್ನು ಆತನ 12ರಿಂದ 23ರ ವಯಸ್ಸಿನಲ್ಲಿ ತರಬೇತಿ ನೀಡಿದ ಸಂಘಗಳಿಗೆ ಹಂಚಲಾಗುತ್ತದೆ. ನೋಂದಣಿಯಿಲ್ಲದೆ ಬೆಳೆಸಿದ ಸಂಘಕ್ಕೆ ಅದರಲ್ಲಿ ಪಾಲಿಲ್ಲ. ಇಂತಹ ಹಣವನ್ನು ನೆಚ್ಚಿ ಆಯವ್ಯಯ ತಯಾರಿಸುವುದು ಮಾತ್ರ ಸರಿಯಲ್ಲ.

ಒಂದೆರಡು ಮಕ್ಕಳಿಗಾಗಿ ಇಡೀ ತಂಡವನ್ನು ದೂರದ ಲೀಗ್‌ಗೆ ಎಳೆದೊಯ್ಯಬೇಕಾಗಿಲ್ಲ. ಆ ಮಕ್ಕಳು ಮೈಸೂರಿನ ಮಾನ್ಯತೆ ಪಡೆದ ಸಂಘವೊಂದರಲ್ಲಿ ನೋಂದಣಿಯಾಗಿ, ಉಳಿದವರು ಊರಿನ ಲೀಗ್‌ನಲ್ಲಿ ಮುಂದುವರಿಯಬಹುದು. ಒಳ್ಳೆಯ ಆಟಗಾರನನ್ನು ಬಿಟ್ಟುಕೊಡುವುದು ಸಂಘಕ್ಕೆ ಕಷ್ಟವಾದರೂ ಮಗುವಿನ ಹಿತ ಮೊದಲು.

ಲೀಗ್ ಇಲ್ಲದ ದಾರಿಗಳೂ ಇವೆ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟಗಳ ಮೂಲಕ ರಾಷ್ಟ್ರೀಯ ಶಾಲಾ ಕ್ರೀಡೆಗಳವರೆಗೆ ಒಯ್ಯುತ್ತವೆ. 1960ರಲ್ಲಿ ಆರಂಭವಾದ ಸುಬ್ರೋತೋ ಕಪ್ ಸಹ ಶಾಲೆಗಳ ಪಂದ್ಯಾವಳಿಯೇ. ದಸರಾ ಕ್ರೀಡಾಕೂಟದಲ್ಲಿ ತಂಡಗಳು ಯಾವ ಹಂತದಿಂದ ಪ್ರವೇಶಿಸಬೇಕೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

ಪ್ರಮಾಣಪತ್ರಗಳ ಬಗ್ಗೆ

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ನಿರ್ದಿಷ್ಟ ನಮೂನೆಯ ಪ್ರಮಾಣಪತ್ರಗಳಿವೆ. ನಮೂನೆ 1 ದೇಶವನ್ನು ಪ್ರತಿನಿಧಿಸಿದವರಿಗೆ, ನಮೂನೆ 2 ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ, ನಮೂನೆ 3 ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೆ, ನಮೂನೆ 4 ರಾಷ್ಟ್ರೀಯ ಶಾಲಾ ಕ್ರೀಡೆಗಳಿಗೆ ಸಂಬಂಧಿಸಿದವು. ಸಂಘದ ಪರವಾಗಿ ಲೀಗ್‌ನಲ್ಲಿ ಎಷ್ಟೇ ಪಂದ್ಯಗಳನ್ನಾಡಿದರೂ ಅದರ ಭಾಗವಹಿಸುವಿಕೆ ಪತ್ರವು ಈ ನಾಲ್ಕರಲ್ಲಿ ಯಾವುದಕ್ಕೂ ಸಮವಲ್ಲ. ಲೀಗ್‌ನಲ್ಲಿ ಆಡಿ ಕಣ್ಣಿಗೆ ಬಿದ್ದು, ಬಿ.ಸಿ. ರಾಯ್ ಟ್ರೋಫಿಯಂತಹ ಕಿರಿಯರ ರಾಷ್ಟ್ರೀಯ ಸ್ಪರ್ಧೆಗೆ ರಾಜ್ಯ ತಂಡದಲ್ಲಿ ಆಯ್ಕೆಯಾದರೆ ಆಗ ನಮೂನೆ 2ರ ಮಾತು ಬರುತ್ತದೆ. ‘ನಮ್ಮ ಲೀಗ್‌ನ ಪತ್ರವಿದ್ದರೆ ಸರ್ಕಾರಿ ಉದ್ಯೋಗ ಖಚಿತ’ ಎಂದು ಹೇಳಿ ಪೋಷಕರಿಂದ ಶುಲ್ಕ ಕೇಳುವವರ ಮಾತನ್ನು ನಂಬಬಾರದು.

ಸಹಿ ಹಾಕುವ ಮುನ್ನ

ಒಂದು ಸಂಘದ ಹೆಸರಿನಲ್ಲಿ ಕೇಂದ್ರೀಕೃತ ವ್ಯವಸ್ಥೆಯಲ್ಲಿ ದಾಖಲಾದ ಆಟಗಾರನು ವರ್ಗಾವಣೆಯ ಕ್ರಮವಿಲ್ಲದೆ ಮತ್ತೊಂದು ಸಂಘದ ಪರವಾಗಿ ಮಾನ್ಯತೆಯ ಪಂದ್ಯಗಳನ್ನಾಡುವಂತಿಲ್ಲ. ಒಂದೇ ಪಂದ್ಯಾವಳಿಗೆಂದು ಹೊರಊರಿನ ಅಕಾಡೆಮಿಯ ಅರ್ಜಿಗೆ ಸಹಿ ಹಾಕಿದರೆ, ನಂತರ ಊರಿನ ಸಂಘದ ಪರವಾಗಿ ಆಡಲಾಗದೆ ಮಗು ಕೂರಬೇಕಾದೀತು. ಅವಧಿ ಎಷ್ಟು, ಬಿಡುಗಡೆ ಹೇಗೆ, ಶುಲ್ಕ ಎಷ್ಟು ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ತಂದೆ ತಾಯಿಯರು ಸಹಿ ಮಾಡತಕ್ಕದ್ದು. ಸಂಬಂಧಪಟ್ಟ ಸಂಘ ಮತ್ತು ಜಿಲ್ಲಾ ಸಂಸ್ಥೆಗಳಿಗೆ ಸಂಯೋಜನೆ ಇದೆಯೇ ಎಂಬುದನ್ನು ರಾಜ್ಯ ಫುಟ್‌ಬಾಲ್ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳಬೇಕು.

ವಯಸ್ಸಿನ ದಾಖಲೆಯಾಗಿ ಜನನ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳಬೇಕು. ಶಾಲಾ ದಾಖಲೆಯ ದಿನಾಂಕಕ್ಕೂ ಜನನ ಪ್ರಮಾಣಪತ್ರದ ದಿನಾಂಕಕ್ಕೂ ವ್ಯತ್ಯಾಸವಿದ್ದಲ್ಲಿ ಅದನ್ನು ಪಂದ್ಯಾವಳಿಯ ಹಿಂದಿನ ವಾರದಲ್ಲಿ ಸರಿಪಡಿಸಲಾಗುವುದಿಲ್ಲ. ವಯಸ್ಸು ಕಡಿಮೆ ತೋರಿಸಿ ಆಡಿಸಿದರೆ ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಂಭವವಿದ್ದು, ಶಿಕ್ಷೆಯನ್ನು ಅನುಭವಿಸುವವನು ಆಟಗಾರ.

ಕ್ರೀಡಾಂಗಣ ಬಳಕೆಗೆ ಸಂಬಂಧಿಸಿದ ಅರ್ಜಿಗಳನ್ನು ಚಾಮರಾಜನಗರದಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಗೆ ಸಲ್ಲಿಸತಕ್ಕದ್ದು. ಅರ್ಜಿಯೊಡನೆ ಸಂಘದ ನೋಂದಣಿ ಪತ್ರದ ಪ್ರತಿ, ಮಕ್ಕಳ ಹೆಸರು ಮತ್ತು ವಯಸ್ಸಿನ ಪಟ್ಟಿ, ಪಂದ್ಯಗಳ ವೇಳಾಪಟ್ಟಿ ಹಾಗೂ ಜವಾಬ್ದಾರಿ ವಹಿಸುವ ವ್ಯಕ್ತಿಯ ವಿಳಾಸವನ್ನು ಲಗತ್ತಿಸಿದರೆ ಪರಿಶೀಲನೆಗೆ ಅನುಕೂಲವಾಗುತ್ತದೆ. ತಪ್ಪಲಿನ ಗ್ರಾಮಗಳ ಸಂಘಗಳು ವೇಳಾಪಟ್ಟಿಯಲ್ಲಿ ಕೊನೆಯ ಪಂದ್ಯ ಮುಗಿಯುವ ಸಮಯವನ್ನೂ, ಮಕ್ಕಳು ಊರಿಗೆ ಮರಳುವ ಬಸ್ಸಿನ ಸಮಯವನ್ನೂ ನಮೂದಿಸುವುದು.